ಕೆಲಸ: ಇಲ್ಲ — ಜೀವನಾಂಶದ ಹಿಂದಿರುವ ನೂರೈವತ್ತು ವರ್ಷದ ಕಥೆ

ಕಳೆದ ಮಳೆಗಾಲದಲ್ಲಿ ಬೆಳೆ ವಿಮೆ ಸುದ್ದಿಗೆಂದು ತಾಲ್ಲೂಕಿಗೆ ಹೋಗಿದ್ದೆ. ಮಳೆ ಜೋರಾಯಿತು. ಕೋರ್ಟಿನ ಪಡಸಾಲೆಯಲ್ಲಿ ನಿಂತೆ. ಅಲ್ಲಿ ಬೆಂಚಿನ ಮೇಲೆ ನಮ್ಮ ಪಕ್ಕದೂರಿನ ಒಬ್ಬ ಅಕ್ಕ ಕೂತಿದ್ದರು. ವಯಸ್ಸು ಐವತ್ತರ ಆಚೀಚೆ. ವಕೀಲರ ಗುಮಾಸ್ತ ಅವರನ್ನು ಕೇಳಿ ಕೇಳಿ ಒಂದು ಅರ್ಜಿ ತುಂಬುತ್ತಿದ್ದ.

"ಕೆಲಸ ಏನ್ ಮಾಡ್ತೀರಿ ಅಕ್ಕಾರ?"

"ಏನಿಲ್ಲಪಾ. ಮನ್ಯಾಗ ಇದ್ದೆ."

ಆತ "ಇಲ್ಲ" ಎಂದು ಬರೆದ.

ಆಮೇಲೆ ಮಾತಾಡಿಸಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷ. ಗಂಡ ವಿಚ್ಛೇದನಕ್ಕೆ ಕೇಸು ಹಾಕಿದಾಗ ಇವರು ಕೋರ್ಟಿಗೆ ಹೋಗಲಿಲ್ಲ. ಹೋಗಬೇಕು ಎಂದು ಹೇಳುವವರೂ ಇರಲಿಲ್ಲ. ಏಕಪಕ್ಷೀಯವಾಗಿ ಡಿಕ್ರಿ ಆಯಿತು. ಊರ ಹಿರಿಯರು ಕೂಡಿ ಒಂದು ಲಕ್ಷ ಕೊಡಿಸಿ, "ಇನ್ನು ಮುಂದೆ ಏನೂ ಕೇಳುವುದಿಲ್ಲ" ಎಂದು ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಒಂದು ಲಕ್ಷ ಮಗಳ ಬಾಣಂತನಕ್ಕೆ, ಇವರ ಮೊಣಕಾಲಿನ ಔಷಧಕ್ಕೆ ಮುಗಿದುಹೋಯಿತು. ಈಗ ಜೀವನಾಂಶ ಕೇಳಿ ಅರ್ಜಿ.

"ಕೇಳಾಕ ನಾಚಿಕಿ ಬರ್ತೈತಿ ತಮ್ಮಾ. ಭಿಕ್ಷಾ ಬೇಡಿದಂಗ ಆಕ್ಕೈತಿ" ಎಂದರು.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದು ಅವರೊಬ್ಬರ ನಾಚಿಕೆಯಲ್ಲ. ಕಾನೂನೇ ಬಹಳ ಕಾಲ ಹಾಗೆ ನೋಡಿತ್ತು. ಮನೆವಾರ್ತೆ ಮಾಡಿದ ಹೆಂಗಸು ಕಾನೂನಿನ ಕಣ್ಣಿಗೆ ದುಡಿದವಳಾಗಿ ಕಾಣಲಿಲ್ಲ, ತುಂಬಬೇಕಾದ ಒಂದು ಹೊಟ್ಟೆಯಾಗಿ ಕಂಡಳು. ಆ ನೋಟ ಹೇಗೆ ಬಂತು, ಹೇಗೆ ನಿಧಾನಕ್ಕೆ ಬದಲಾಗುತ್ತಿದೆ ಎಂಬುದೇ ಈ ಬರಹ.

ಕಲ್ಯಾಣದಲ್ಲಿ ಬರೆದ ಮೂರನೇ ಒಂದು ಪಾಲು

ಕಥೆ ನಮ್ಮ ನೆಲದಿಂದಲೇ ಶುರುವಾಗುತ್ತದೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ, ಅಂದರೆ 1076ರಿಂದ 1126ರ ನಡುವೆ. ಅಲ್ಲಿದ್ದ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಹಿಂದೂ ಕುಟುಂಬದ ಆಸ್ತಿ ಪಾಲಿನ ವಿಷಯದಲ್ಲಿ ಭಾರತದ ಬಹುಭಾಗ ಮುಂದೆ ನೂರಾರು ವರ್ಷ ನಡೆದದ್ದು ಈ ಗ್ರಂಥದ ಮಾತಿನ ಮೇಲೆ.

ಆ ಸ್ಮೃತಿಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ನಿಯಮವಿದೆ. ಹೇಳಿದಂತೆ ನಡೆಯುವ, ಕೆಲಸದಲ್ಲಿ ಚುರುಕಾದ, ಗಂಡುಮಕ್ಕಳನ್ನು ಹೆತ್ತ, ಒಳ್ಳೆಯ ಮಾತಿನ ಹೆಂಡತಿಯನ್ನು ಬಿಟ್ಟವನಿಂದ ಅವನ ಸಂಪತ್ತಿನ ಮೂರನೇ ಒಂದು ಪಾಲನ್ನು ಅವಳಿಗೆ ಕೊಡಿಸಬೇಕು. ಅವನು ಬಡವನಾದರೆ ಅನ್ನ ಬಟ್ಟೆಯನ್ನಾದರೂ ಕೊಡಿಸಬೇಕು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಷರತ್ತುಗಳನ್ನು ನೋಡಿ: ವಿಧೇಯಳಾಗಿರಬೇಕು, ಗಂಡು ಹೆತ್ತಿರಬೇಕು. ಹೆಣ್ಣು ಹೆತ್ತವಳ ಗತಿ ಏನು ಎಂದು ಕೇಳಬೇಕಾದ್ದೇ. ಆದರೂ ಒಂದು ಮಾತು ಗಮನಿಸಿ. ಇಲ್ಲಿ ಲೆಕ್ಕ ಅವಳ ಹಸಿವಿನಿಂದ ಶುರುವಾಗಿಲ್ಲ, ಅವನ ಆಸ್ತಿಯಿಂದ ಶುರುವಾಗಿದೆ. ಬರೀ ಅನ್ನ ಬಟ್ಟೆ ಎಂಬುದು ಬಡವನಿಗೆ ಮಾತ್ರ ಇದ್ದ ರಿಯಾಯಿತಿ.

ಬ್ರಿಟಿಷರು ಬಂದಮೇಲೆ 1810ರಲ್ಲಿ ಕೋಲ್‌ಬ್ರೂಕ್ ಎಂಬ ಅಧಿಕಾರಿ ಮಿತಾಕ್ಷರವನ್ನು ಇಂಗ್ಲಿಷಿಗೆ ತಂದ. ಪೂರ್ತಿ ಅಲ್ಲ, ಆಸ್ತಿ ಹಂಚಿಕೆಯ ಭಾಗ ಮಾತ್ರ. ಮೂರನೇ ಒಂದು ಪಾಲಿನ ನಿಯಮ ಇದ್ದದ್ದು ಬೇರೆ ಅಧ್ಯಾಯದಲ್ಲಿ. ಅಣ್ಣತಮ್ಮಂದಿರ ಪಾಲಿನ ಮಾತು ಆ ಅನುವಾದದ ಮೂಲಕ ಕೋರ್ಟು ಸೇರಿತು. ಬಿಟ್ಟ ಹೆಂಡತಿಯ ಪಾಲಿನ ಮಾತು ಅದರಲ್ಲಿ ಇರಲೇ ಇಲ್ಲ.

ಐವತ್ತು ರೂಪಾಯಿಯ ಗೋಡೆ

ಈಗಿನ ಜೀವನಾಂಶದ ಕಾನೂನು ಬೆಳೆದದ್ದು ಕ್ರಿಮಿನಲ್ ಕಾಯ್ದೆಯ ಒಳಗೆ. ಗಂಡ ಹೆಂಡತಿಯ ವಿಷಯ ಕಳ್ಳತನ, ಹೊಡೆದಾಟದ ಪುಸ್ತಕದಲ್ಲಿ ಯಾಕೆ ಬಂತು? 1872ರ ಕಾಯ್ದೆ ರೂಪಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಇದಕ್ಕೆ ಕೊಟ್ಟ ಕಾರಣ ನೇರವಾಗಿತ್ತು. ಹೆಂಡತಿ ಮಕ್ಕಳನ್ನು ಬೀದಿಗೆ ಬಿಟ್ಟರೆ ಅವರು ಅಲೆಮಾರಿಗಳಾಗುತ್ತಾರೆ, ಅದನ್ನು ತಡೆಯಬೇಕು. ಅಂದರೆ ಸರ್ಕಾರದ ಚಿಂತೆ ಇದ್ದದ್ದು ಬೀದಿಯ ಬಗ್ಗೆ.

ಹಾಗಾಗಿ ಹಣಕ್ಕೂ ಒಂದು ಗೋಡೆ ಕಟ್ಟಿದರು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಂ ಪ್ರಕಾರ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಗಂಡ ಜಮೀನ್ದಾರನಾಗಿರಲಿ, ಕೂಲಿಯವನಾಗಿರಲಿ, ಮಿತಿ ಅಷ್ಟೇ. 1923ರಲ್ಲಿ ಅದು 100 ಆಯಿತು. 1955ರಲ್ಲಿ 500 ಆಯಿತು.

ಇನ್ನೊಂದು ಕೊರತೆಯೂ ಇತ್ತು. ಈ ಕಲಂ ಹೆಂಡತಿಗೆ ಮಾತ್ರ. ವಿಚ್ಛೇದನ ಆಯಿತೆಂದರೆ ಅವಳು ಹೆಂಡತಿಯಲ್ಲ, ಜೀವನಾಂಶವೂ ಇಲ್ಲ. ಜೀವನಾಂಶ ತಪ್ಪಿಸಿಕೊಳ್ಳಲು ವಿಚ್ಛೇದನವೇ ದಾರಿಯಾಗುತ್ತಿತ್ತು.

ಕ್ರೈಸ್ತರಿಗೆ 1869ರಿಂದಲೇ ಬೇರೆ ವಿಚ್ಛೇದನ ಕಾಯ್ದೆ ಇತ್ತು. ಅಲ್ಲಿ ಕೇಸು ನಡೆಯುವಾಗ ಹೆಂಡತಿಗೆ ಸಿಗುವ ಹಣ ಗಂಡನ ಆದಾಯದ ಐದನೇ ಒಂದು ಭಾಗ ದಾಟುವಂತಿರಲಿಲ್ಲ. ಅಲ್ಲೂ ಒಂದು ಗೋಡೆ.

ಸೋಡಚೀಟಿಯಿಂದ ಕೋರ್ಟಿಗೆ

ನಮ್ಮ ಉತ್ತರ ಕರ್ನಾಟಕದ ಹಳಬರಿಗೆ ಸೋಡಚೀಟಿ ಎಂಬ ಮಾತು ಗೊತ್ತು. ಹಲವು ಜಾತಿಗಳಲ್ಲಿ ಪಂಚರ ಮುಂದೆ ಚೀಟಿ ಬರೆದು ಮದುವೆ ಬಿಡಿಸುವ ಪದ್ಧತಿ ಇತ್ತು. ಕೂಡಿಕೆಯೂ ಇತ್ತು. ಅಂಥ ಪದ್ಧತಿ ಇಲ್ಲದ ಜಾತಿಗಳ ಹೆಂಗಸರಿಗೆ ಬಿಡುಗಡೆಯೇ ಇರಲಿಲ್ಲ. ಗಂಡ ಇನ್ನೊಬ್ಬಳನ್ನು ತಂದರೂ ಅದೇ ಮನೆಯ ಮೂಲೆಯಲ್ಲಿ ಇರಬೇಕಿತ್ತು.

ಕಾನೂನು ಆಗ ಊರೂರಿಗೆ ಬೇರೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಬಂತು. ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರಿಗೆ ಅದು ಪಾಲು ಕೊಟ್ಟಿತು. ಬೇರೆ ಕಡೆ ಇಂಥ ಮಾತು ಕೇಳದ ಕಾಲ ಅದು.

1946ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂತು. ಗಂಡ ಕ್ರೂರಿಯಾದರೆ, ಬಿಟ್ಟುಹೋದರೆ, ಮತ್ತೊಂದು ಮದುವೆಯಾದರೆ ಹಿಂದೂ ಹೆಂಡತಿ ಬೇರೆ ಇದ್ದು ಜೀವನಾಂಶ ಕೇಳಬಹುದು ಎಂದಿತು. ಮರುವರ್ಷ, 1947ರಲ್ಲಿ, ಮುಂಬಯಿ ಪ್ರಾಂತ್ಯ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಆ ಪ್ರಾಂತ್ಯದಲ್ಲಿದ್ದವು. 1949ರಲ್ಲಿ ಮದ್ರಾಸ್ ಪ್ರಾಂತ್ಯವೂ ಇಂಥದೇ ಕಾಯ್ದೆ ತಂದಿತು. ದಕ್ಷಿಣ ಕನ್ನಡ, ಬಳ್ಳಾರಿ ಅದರೊಳಗಿದ್ದವು.

ಇವೆಲ್ಲ ಒಂದಾದದ್ದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ. ಅದರ 24ನೇ ಕಲಂ ಕೇಸು ನಡೆಯುವಾಗಿನ ಖರ್ಚಿಗೆ, 25ನೇ ಕಲಂ ಶಾಶ್ವತ ಜೀವನಾಂಶಕ್ಕೆ. 25ನೇ ಕಲಂನಲ್ಲಿ ಒಂದು ಮಾತು ಮುಖ್ಯ. ಡಿಕ್ರಿ ಕೊಡುವಾಗ ಮಾತ್ರವಲ್ಲ, ಆಮೇಲೆ ಯಾವಾಗ ಬೇಕಾದರೂ ಕೇಳಬಹುದು. "ಡಿಕ್ರಿ ಆಯ್ತು, ಎಲ್ಲ ಮುಗೀತು" ಎಂದು ಹಳ್ಳಿಯಲ್ಲಿ ಹೇಳುವುದು ತಪ್ಪು.

1973ರ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಹಳೆಯ ಕೊರತೆಯನ್ನೂ ತುಂಬಿತು. ಹೆಂಡತಿ ಎಂದರೆ ವಿಚ್ಛೇದನವಾಗಿ ಮತ್ತೆ ಮದುವೆಯಾಗದ ಹೆಂಗಸೂ ಹೌದು ಎಂದು ಬರೆಯಿತು. ಆದರೆ ಮಿತಿ ಮಾತ್ರ ಅದೇ 500 ರೂಪಾಯಿ.

ನಲವತ್ತಮೂರು ವರ್ಷಕ್ಕೆ 25 ರೂಪಾಯಿ

ಶಾ ಬಾನೊ ಹೆಸರನ್ನು ಎಲ್ಲರೂ ಕೇಳಿದ್ದೇವೆ. ರಾಜಕೀಯದ ಗದ್ದಲದಲ್ಲಿ ಆಕೆಯ ಮನೆಯ ಕಥೆ ಮರೆತುಹೋಗಿದೆ.

ಮಧ್ಯಪ್ರದೇಶದ ಇಂದೋರಿನವರು. 1932ರಲ್ಲಿ ಮದುವೆ. ಗಂಡ ವಕೀಲ. ಐದು ಮಕ್ಕಳು. 1975ರಲ್ಲಿ, ಅಂದರೆ ನಲವತ್ತಮೂರು ವರ್ಷ ಸಂಸಾರ ಮಾಡಿದ ಮೇಲೆ, ಮನೆಯಿಂದ ಹೊರಹಾಕಲಾಯಿತು. 1978ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿ ಕೇಳಿ ಅರ್ಜಿ ಹಾಕಿದರು. ಅದೇ ನವೆಂಬರ್‌ನಲ್ಲಿ ಗಂಡ ತಲಾಖ್ ಕೊಟ್ಟ. 1979ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. 1980ರಲ್ಲಿ ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದನ್ನೂ ಕೊಡಲಾರೆ ಎಂದು ಗಂಡ ಸುಪ್ರೀಂ ಕೋರ್ಟಿಗೆ ಹೋದ.

1985ರ ಏಪ್ರಿಲ್ 23ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠ ಗಂಡನ ಮೇಲ್ಮನವಿ ತಳ್ಳಿಹಾಕಿತು. 125ನೇ ಕಲಂ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ ಎಂದಿತು. ದೇಶದಲ್ಲಿ ದೊಡ್ಡ ವಿವಾದ ಎದ್ದು, 1986ರಲ್ಲಿ ಮುಸ್ಲಿಂ ಮಹಿಳೆಯರಿಗೆ ಬೇರೆ ಕಾಯ್ದೆ ಬಂತು. ಆ ಕಾಯ್ದೆಯನ್ನು 2001ರಲ್ಲಿ ಸುಪ್ರೀಂ ಕೋರ್ಟು ವಿವರಿಸಿತು. ಇದ್ದತ್ ಅವಧಿಯೊಳಗೇ ಕೊಡಬೇಕು, ಆದರೆ ಆ ಏರ್ಪಾಡು ಅವಳ ಮುಂದಿನ ಬದುಕಿಗೂ ಸಾಕಾಗುವಂತಿರಬೇಕು ಎಂದಿತು.

ಅದೇ 2001ರಲ್ಲಿ ಸಂಸತ್ತು 500 ರೂಪಾಯಿ ಮಿತಿಯನ್ನು ಕಿತ್ತುಹಾಕಿತು. ಕ್ರೈಸ್ತರ ಐದನೇ ಒಂದು ಭಾಗದ ಮಿತಿಯೂ ಹೋಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು ಮಟ್ಟಿಗೆ 60 ದಿನದಲ್ಲಿ ಮುಗಿಸಬೇಕು ಎಂದೂ ಸೇರಿತು. ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಾವೇ ಮಿತಿ ಏರಿಸಿಕೊಂಡಿದ್ದವು. ಆದರೆ ಕೇಂದ್ರದ ಕಾಯ್ದೆಯಲ್ಲಿ 1955ರ 500 ರೂಪಾಯಿ 2001ರವರೆಗೆ, ನಲವತ್ತಾರು ವರ್ಷ, ಕದಲದೆ ನಿಂತಿತ್ತು. ಅಷ್ಟರಲ್ಲಿ ಜೋಳದ ಬೆಲೆ ಎಷ್ಟು ಸಲ ಏರಿತು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಸತ್ತರೆ ಬೆಲೆ, ಬದುಕಿದ್ದರೆ?

ಇಲ್ಲಿ ಒಂದು ವಿಚಿತ್ರವಿದೆ. ಮನೆವಾರ್ತೆಗೆ ಬೆಲೆ ಕಟ್ಟಲು ನಮ್ಮ ಕಾನೂನು ಮೊದಲು ಕಲಿತದ್ದು ಅಪಘಾತದ ಕೇಸುಗಳಲ್ಲಿ. ಹೆಂಗಸು ಸತ್ತ ಮೇಲೆ.

1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಒಂದು ಕೋಷ್ಟಕ ಸೇರಿತು. ಸತ್ತವರು ಸಂಪಾದನೆ ಇಲ್ಲದ ಹೆಂಡತಿಯಾದರೆ, ದುಡಿಯುವ ಗಂಡನ ಆದಾಯದ ಮೂರನೇ ಒಂದು ಭಾಗವನ್ನು ಅವಳ ಆದಾಯ ಎಂದು ಹಿಡಿದು ಪರಿಹಾರ ಲೆಕ್ಕ ಹಾಕಬೇಕಿತ್ತು. ಮತ್ತೆ ಅದೇ ಮೂರನೇ ಒಂದು!

1989ರಲ್ಲಿ ಜಮ್‌ಶೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಹಲವು ಗೃಹಿಣಿಯರು, ಮಕ್ಕಳು ಸತ್ತರು. ಆ ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಬದುಕಿದ್ದ ಹೆಂಗಸಿಗೆ 125ನೇ ಕಲಂನಲ್ಲಿದ್ದ ಮಿತಿ 500 ರೂಪಾಯಿ.

2010ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಕಟುವಾಗಿ ಮಾತಾಡಿತು. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಪಟ್ಟಿಯಲ್ಲಿ ಇಟ್ಟದ್ದನ್ನು ಟೀಕಿಸಿತು. ಆ ಅಕ್ಕ "ಭಿಕ್ಷಾ ಬೇಡಿದಂಗ" ಎಂದದ್ದು ನೆನಪಾಗುತ್ತದೆ. ಸರ್ಕಾರದ ಪಟ್ಟಿಯೂ ಅದನ್ನೇ ಹೇಳುತ್ತಿತ್ತು.

2021ರ ಇನ್ನೊಂದು ಅಪಘಾತದ ತೀರ್ಪಿನಲ್ಲಿ ಕೋರ್ಟು 2019ರ ಸಮಯ ಬಳಕೆ ಸಮೀಕ್ಷೆಯನ್ನು ಎತ್ತಿಕೊಂಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆಯ ಕೆಲಸ. ಅರ್ಜಿಯಲ್ಲಿ ಮಾತ್ರ "ಇಲ್ಲ".

ಲೆಕ್ಕ ಬದಲಾದ ಬಗೆ

ಬದುಕಿರುವ ಹೆಂಗಸಿನ ಲೆಕ್ಕ ಬದಲಾಗತೊಡಗಿದ್ದು ಇತ್ತೀಚೆಗೆ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಜೀವನಾಂಶದ ಬಗ್ಗೆ ದೇಶಕ್ಕೆಲ್ಲ ಒಂದೇ ದಾರಿ ಹಾಕಿಕೊಟ್ಟಿತು. ಎರಡೂ ಕಡೆಯವರು ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು. ಮದುವೆ ಎಷ್ಟು ವರ್ಷ ನಡೆಯಿತು, ಮಕ್ಕಳನ್ನು ಬೆಳೆಸಲು, ಮನೆಯ ಹಿರಿಯರನ್ನು ನೋಡಿಕೊಳ್ಳಲು ಅವಳು ಸಂಪಾದನೆ ಬಿಟ್ಟಳೇ ಎಂಬುದನ್ನು ನೋಡಬೇಕು. ಬೀದಿಗೆ ಬೀಳದಿದ್ದರೆ ಸಾಕು ಎಂಬ 1872ರ ಮಾತಿನಿಂದ ಇದು ಬಹಳ ದೂರ.

2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಂ ಕೆಳಗೆ ಕೇಳಬಹುದು ಎಂದು ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟಪಡಿಸಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಕರ್ನಾಟಕದವರು. ಸಂಪಾದನೆ ಇಲ್ಲದ ಹೆಂಡತಿಗೆ ಗಂಡ ಹಣ ಸಿಗುವಂತೆ ಮಾಡಬೇಕು, ಜಂಟಿ ಖಾತೆ, ಎಟಿಎಂ ಕಾರ್ಡು ಅದಕ್ಕೆ ದಾರಿ ಎಂದು ಅವರು ತಮ್ಮ ತೀರ್ಪಿನಲ್ಲಿ ಬರೆದರು. ಅದೇ ತಿಂಗಳ 1ರಿಂದ 125ನೇ ಕಲಂ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ನಂಬರು ಬೇರೆ, ಹಕ್ಕು ಅದೇ.

ಇನ್ನೂ ಮುಟ್ಟದ ಜಾಗ ಒಂದಿದೆ: ಆಸ್ತಿ. ಮದುವೆಯಾದ ಮೇಲೆ ಗಂಡ ಕೊಂಡ ಹೊಲದಲ್ಲಿ, ಕಟ್ಟಿದ ಮನೆಯಲ್ಲಿ ವಿಚ್ಛೇದನದ ವೇಳೆ ಹೆಂಡತಿಗೆ ಇಂತಿಷ್ಟು ಪಾಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿಲ್ಲ. ಪಹಣಿಯಲ್ಲಿ ಯಾರ ಹೆಸರೋ ಅವರದು. ಕಾರವಾರ ದಾಟಿ ಗೋವಾಕ್ಕೆ ಕಾಲಿಟ್ಟರೆ ಬೇರೆ ಮಾತು. ಅಲ್ಲಿ ಪೋರ್ಚುಗೀಸರ 1867ರ ಸಂಹಿತೆ ಇನ್ನೂ ನಡೆಯುತ್ತಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಅರ್ಧರ್ಧ.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಒಂದು ಹೆಜ್ಜೆ ಇಟ್ಟಿತು. ಗಂಡ ಸೌದಿಯಲ್ಲಿ ದುಡಿದು ಕಳಿಸಿದ ಹಣದಲ್ಲಿ ಕೊಂಡ ಆಸ್ತಿಗೆ ಮನೆಯಲ್ಲಿದ್ದ ಹೆಂಡತಿಯ ದುಡಿಮೆಯೂ ಕಾರಣ, ಆದ್ದರಿಂದ ಅವಳಿಗೂ ಸಮಪಾಲು ಎಂದಿತು. ಇದು ನಮ್ಮ ರಾಜ್ಯದ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ವಕೀಲರು ತೋರಿಸಿ ವಾದಿಸಬಹುದು.

ಬಾಂಡ್ ಪೇಪರಿನ ಹೆಬ್ಬೆಟ್ಟು

ಮತ್ತೆ ನಮ್ಮ ಅಕ್ಕನ ಕಡೆ ಬರೋಣ. ಅವರ ದೊಡ್ಡ ಹೆದರಿಕೆ ಬಾಂಡ್ ಪೇಪರಿನದು. "ಕೇಳಂಗಿಲ್ಲ ಅಂತ ಒತ್ತೇನಿ" ಎನ್ನುತ್ತಿದ್ದರು.

2013ರಲ್ಲಿ ಕರ್ನಾಟಕದಿಂದಲೇ ಇಂಥ ಒಂದು ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಬ್ಬ ಹೆಂಡತಿ 8,000 ರೂಪಾಯಿ ತೆಗೆದುಕೊಂಡು ಮುಂದೆ ಕೇಳುವುದಿಲ್ಲ ಎಂದು ರಾಜಿಗೆ ಸಹಿ ಹಾಕಿದ್ದರು. ವರ್ಷಗಳ ನಂತರ ಬೇರೆ ಕಾಯ್ದೆಯ ಕೆಳಗೆ ಜೀವನಾಂಶ ಕೇಳಿದರು. ರಾಜಿ ಆಗಿದೆಯಲ್ಲ ಎಂದು ಗಂಡ ವಾದಿಸಿದ. ಜೀವನಾಂಶದ ಹಕ್ಕನ್ನೇ ಬಿಟ್ಟುಕೊಡುವ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಕೋರ್ಟು ಅವನ ವಾದ ಒಪ್ಪಲಿಲ್ಲ. ಪಡೆದ ಹಣವನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹಿರಿಯರ ಮುಂದೆ ಒತ್ತಿದ ಹೆಬ್ಬೆಟ್ಟೊಂದೇ ಬಾಗಿಲು ಮುಚ್ಚಿಬಿಡುವುದಿಲ್ಲ.

ಓದುವವರ ಮನೆಯಲ್ಲೂ ಇಂಥ ಅಕ್ಕಂದಿರು ಇರಬಹುದು. ಅದಕ್ಕೆ ನಾಲ್ಕು ಮಾತು. ಹೆಂಗಸು ತಾನು ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ 144ನೇ ಕಲಂ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಗೆ ಸರ್ಕಾರದ ವಕೀಲರ ನೆರವು ಉಚಿತ; ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಆದೇಶವಾದ ಮೇಲೂ ಹಣ ಬರದಿದ್ದರೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು, ತಡ ಮಾಡಬಾರದು. ಮತ್ತೆ ಮದುವೆಯಾದರೆ ಈ ಹಕ್ಕು ನಿಲ್ಲುತ್ತದೆ.

ಆ ಮಳೆಯ ದಿನ ಗುಮಾಸ್ತನಿಗೆ ಹೇಳಿ ಅರ್ಜಿಯ ಆ ಸಾಲನ್ನು ಮತ್ತೊಮ್ಮೆ ಕೇಳಿಸಿದೆ. ಅಕ್ಕ ಮೊದಲು ನಕ್ಕರು. ಆಮೇಲೆ ಒಂದೊಂದೇ ಹೇಳತೊಡಗಿದರು. ಮೂರು ಮಕ್ಕಳು. ಲಕ್ವ ಹೊಡೆದ ಅತ್ತೆಯನ್ನು ಆರು ವರ್ಷ ಎತ್ತಿ ಇಳಿಸಿದ್ದು. ಕಳೆ ಆಳುಗಳಿಗೆ ರೊಟ್ಟಿ ಬಡಿದು ಹೊಲಕ್ಕೆ ಒಯ್ದದ್ದು. ಎರಡು ಎಮ್ಮೆ.

"ಎಮ್ಮಿ ಹಿಂಡಿದಾಕಿ ನಾನ. ಡೈರಿ ಪಾಸ್‌ಬುಕ್ ಮಾತ್ರ ಅವರ ಹೆಸರ್ಲೆ ಇತ್ತು. ಅದನ್ನೂ ಬರೀರಿ" ಎಂದರು.

ಗುಮಾಸ್ತ "ಇಲ್ಲ" ಎಂಬುದನ್ನು ಹೊಡೆದುಹಾಕಿದ. ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಬೇಕಾಯಿತು. ಕೇಸು ಇನ್ನೂ ನಡೆಯುತ್ತಿದೆ.